ಹಂಪ್ ಪುರಾಣ

ಹಂಪ್ ಅಂದರೆ ಹಂಪಿಯ ತಮ್ಮ ಅಂತ ಸಣ್ಣವನಿದ್ದಾಗ ಅಂದುಕೊಂಡಿದ್ದೆ. ನಗಬೇಡಿ. "ಹಂಪ್ಸ್ ಹತ್ರ ಇಳಿಯೋರು ಮುಂದೆ ಬನ್ನಿ" ಅಂತ ಕಂಡಕ್ಟರ್ ಕೂಗಿದರೆ ಅದೂ ಒಂದು ಊರೇ ಇರಬೇಕು ಅನ್ನಿಸುತ್ತಿತ್ತು. ಪೇಪರಿನವರು ‘ರಸ್ತೆ ಉಬ್ಬು’ ಅಂತ ಬರೆಯುತ್ತಾರೆ, ಸರ್ಕಾರಿ ಕಾಗದದಲ್ಲಿ ಸ್ಪೀಡ್ ಬ್ರೇಕರ್ ಅಂತಿರುತ್ತದೆ. ನಮ್ಮ ಕಡೆ ಜನರ ಬಾಯಲ್ಲಿ ಮಾತ್ರ ಅದು ಹಂಪು, ಅಷ್ಟೇ.

ಇದರ ಬಗ್ಗೆ ಬರೆಯೋಕೆ ಕಾರಣ ಇದೆ. ಹೋದ ವರ್ಷ ಕಾರ್ತಿಕದಲ್ಲಿ ಒಂದು ಶನಿವಾರ ಸಂಜೆ ಅಮ್ಮನನ್ನು ತಿಪಟೂರಿನಿಂದ ಬೈಕಿನಲ್ಲಿ ಕೂರಿಸಿಕೊಂಡು ಊರಿಗೆ ಹೊರಟಿದ್ದೆ. ಹೊಸದಾಗಿ ಡಾಂಬರು ಹಾಕಿದ ರಸ್ತೆ, ನುಣ್ಣಗೆ ಕಪ್ಪಗೆ ಮಲಗಿತ್ತು. ಬೆಳಕು ಪೂರ್ತಿ ಹೋಗಿರಲಿಲ್ಲ, ಹೆಡ್‌ಲೈಟು ಇದ್ದೂ ಇಲ್ಲದ ಹಾಗಿರುವ ಹೊತ್ತು. ನಲವತ್ತರ ಆಸುಪಾಸಿನಲ್ಲಿದ್ದೆ. ಹಿಂದಿನ ಸಲ ನಾನು ಬಂದಾಗ ಅಲ್ಲಿ ಹಂಪ್ ಇರಲಿಲ್ಲ. ಈ ಸಲ ಇತ್ತು. ಬಣ್ಣ ಇಲ್ಲ, ಬೋರ್ಡ್ ಇಲ್ಲ, ರಸ್ತೆಯದೇ ಕಪ್ಪು. ಕಂಡಾಗ ಮೂರು ಮಾರು ದೂರ. ಬ್ರೇಕ್ ಒತ್ತಿದೆ, ಮುಂದಿನ ಚಕ್ರ ಎದ್ದು ಬಿತ್ತು, ಹ್ಯಾಂಡಲ್ ಅಲ್ಲಾಡಿತು, ಹೇಗೋ ಹಿಡಿದುಕೊಂಡೆ. ಬಚಾವಾದೆ ಅಂತ ಉಸಿರು ಬಿಡುವಷ್ಟರಲ್ಲಿ ಹಿಂದಿನ ಚಕ್ರ ಹತ್ತಿ ಇಳಿಯಿತು. ಆಮೇಲೆ ಬೈಕು ಹಗುರ ಆಯಿತು. ಆ ಹಗುರ ಇನ್ನೂ ನನ್ನ ಬೆನ್ನಲ್ಲಿದೆ.

ಅಮ್ಮ ಒಂದೇ ಕಡೆಗೆ ಕಾಲು ಹಾಕಿ ಕೂತಿದ್ದಳು, ಸೀರೆ ಉಟ್ಟವರು ಕೂರುವ ಹಾಗೆ. ಒಂದು ಕೈಯಲ್ಲಿ ಬ್ಯಾಗು. ಬಲಗಡೆ ಭುಜದ ಮೇಲೆ ಬಿದ್ದಿದ್ದಳು. ಕಾಲರ್ ಬೋನ್ ಮುರಿದಿತ್ತು, ಕಿವಿಯ ಮೇಲೆ ನಾಲ್ಕು ಹೊಲಿಗೆ. ನಾನು ಬೈಕ್ ಬಿಸಾಕಿ ಓಡಿದರೆ ಅವಳು ಕೇಳಿದ್ದು "ನಿಂಗೇನೂ ಆಗ್ಲಿಲ್ವೇನೋ?" ಅಂತ. ಅವಳ ಹೆಲ್ಮೆಟ್ ಮನೆಯಲ್ಲಿ ಮೊಳೆಗೆ ನೇತುಹಾಕಿತ್ತು. ನಮ್ಮ ರಾಜ್ಯದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 2016ರ ಜನವರಿಯಲ್ಲಿ. ಬೆಂಗಳೂರಲ್ಲಿ ನಾನು ಅದನ್ನು ತಪ್ಪದೆ ಪಾಲಿಸುವವನು. ಊರಲ್ಲಿ ‘ಇಲ್ಲೇ ತಾನೆ’ ಅಂತ ಬಿಟ್ಟಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನಾನು ಬರೀ ಹಂಪಿನ ಮೇಲೆ ತಪ್ಪು ಹೊರಿಸುತ್ತಿದ್ದೇನೆ ಅಂತ ನಿಮಗೆ ಅನ್ನಿಸಬಾರದು.

ಆಮೇಲೆ ಆರು ವಾರ ಊರಿಂದಲೇ ಕೆಲಸ ಮಾಡಿದೆ. ರಾತ್ರಿ ಅಮ್ಮ ಮಲಗಿದ ಮೇಲೆ ನಿದ್ದೆ ಬರುತ್ತಿರಲಿಲ್ಲ. ಈ ಹಂಪನ್ನು ಕಂಡುಹಿಡಿದ ಪುಣ್ಯಾತ್ಮ ಯಾರು, ಸಿಕ್ಕರೆ ನಾಲ್ಕು ಮಾತು ಬಯ್ಯೋಣ ಅಂತ ಹುಡುಕುತ್ತಾ ಕೂತೆ. ಸಿಕ್ಕವರು ಬಯ್ಯುವಂಥವರಲ್ಲ ಅನ್ನೋದೇ ಕಷ್ಟವಾಯಿತು.

ಮೊದಲು ಸಿಕ್ಕಿದ್ದು ಅಮೆರಿಕದ ನ್ಯೂಜೆರ್ಸಿಯ ಚ್ಯಾಥಂ ಅನ್ನುವ ಸಣ್ಣ ಊರು. 1906ರಲ್ಲಿ ಅಲ್ಲಿನವರು, ಜನ ರಸ್ತೆ ದಾಟುವ ಜಾಗವನ್ನೇ ಐದು ಇಂಚು ಎತ್ತರ ಮಾಡಲು ಹೊರಟಿದ್ದರಂತೆ. ಮೋಟಾರು ಕಾರು ಬಂದು ಇನ್ನೂ ಹೆಚ್ಚು ವರ್ಷ ಆಗಿರಲಿಲ್ಲ, ಆಗಲೇ ಊರವರಿಗೆ ಸಾಕಾಗಿತ್ತು ಅಂದರೆ ನೋಡಿ. ಅಂದರೆ ಹಂಪು ಹುಟ್ಟಿದ್ದೇ ನಡೆಯುವವರ ಪರವಾಗಿ. ಇದು ನೆನಪಿರಲಿ, ಮತ್ತೆ ಬರುತ್ತೇನೆ.

ಎರಡನೆಯವನ ಹೆಸರು ನೋಡಿ ಕುರ್ಚಿಯಿಂದ ಬೀಳುವುದೊಂದು ಬಾಕಿ. ಆರ್ಥರ್ ಹಾಲಿ ಕಾಂಪ್ಟನ್! ಪಿಯುಸಿ ಫಿಸಿಕ್ಸಿನಲ್ಲಿ ಎಕ್ಸ್ ರೇ ಎಲೆಕ್ಟ್ರಾನಿಗೆ ಗುದ್ದಿ ಚದುರುವ ಕಾಂಪ್ಟನ್ ಎಫೆಕ್ಟ್ ಹೆಸರು ಕೇಳಿದ್ದೇವಲ್ಲ, ಅದೇ ಕಾಂಪ್ಟನ್. 1927ರ ನೊಬೆಲ್ ಪ್ರಶಸ್ತಿ ಪಡೆದವನು. 1926-27ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯಕ್ಕೂ ಬಂದಿದ್ದ. ಎರಡನೇ ಮಹಾಯುದ್ಧದಲ್ಲಿ ಅಣುಬಾಂಬ್ ಯೋಜನೆಯ ಷಿಕಾಗೋ ಪ್ರಯೋಗಾಲಯದ ಹೊಣೆ ಹೊತ್ತಿದ್ದ. ಯುದ್ಧ ಮುಗಿದ ಮೇಲೆ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಕುಲಪತಿಯಾದ. ಅಲ್ಲಿ ಮುಖ್ಯ ಕಟ್ಟಡದ ಮುಂದೆ ಕಾರುಗಳು ಹೋಗುವ ವೇಗ ನೋಡಲಾಗದೆ 1953ರಲ್ಲಿ ಒಂದು ಉಬ್ಬನ್ನು ಲೆಕ್ಕ ಹಾಕಿ ವಿನ್ಯಾಸ ಮಾಡಿದ. ಎಲೆಕ್ಟ್ರಾನ್ ಬಿಟ್ಟು ಕಾರಿಗೇ ಗುದ್ದಿಸೋಣ ಅಂತಿರಬೇಕು :-)

ಬ್ರಿಟಿಷರು ಇದನ್ನು ‘ಮಲಗಿರುವ ಪೊಲೀಸ್’ ಅಂತ ಕರೆಯುತ್ತಾರೆ. ಫ್ರೆಂಚರೂ ಹಾಗೇ, ರಷ್ಯನ್ನರೂ ಹಾಗೇ. ನಮ್ಮಲ್ಲಿ ಯಾಕೋ ಆ ತಮಾಷೆ ಬೆಳೆಯಲಿಲ್ಲ, ಕುಂಭಕರ್ಣ ಅಂತ ಕರೆಯಬಹುದಿತ್ತು.

ನಮಗೆ ನಿಜವಾಗಿ ಸಂಬಂಧಪಟ್ಟವನು ಮೂರನೆಯವನು, ಜಿ. ಆರ್. ವಾಟ್ಸ್. ಬ್ರಿಟನ್ನಿನ ಸಾರಿಗೆ ಮತ್ತು ರಸ್ತೆ ಸಂಶೋಧನಾ ಪ್ರಯೋಗಾಲಯದವನು. 1973ರಲ್ಲಿ ಅವನ ವರದಿ ಬಂತು. ಅಲ್ಲಿಯವರೆಗೆ ಉಬ್ಬು ಅಂದರೆ ಅಡ್ಡಕ್ಕೆ ಒಂದು ಸಣ್ಣ ದಿಂಡು, ಅಷ್ಟೇ. ಆ ದಿಂಡಿನ ಮೇಲೆ ಕಾರನ್ನು ಜೋರಾಗಿ ಓಡಿಸಿದರೆ ಒಳಗೆ ಕೂತವರಿಗೆ ಕುಲುಕಾಟ ಹೆಚ್ಚಾಗುವುದಿಲ್ಲ, ಕಮ್ಮಿಯೇ ಆಗುತ್ತದೆ. ಪೆಟ್ಟನ್ನು ಟೈರು ಮತ್ತು ಸಸ್ಪೆನ್ಷನ್ ನುಂಗಿಬಿಡುತ್ತವೆ. ಅಂದರೆ ನಿಧಾನಸ್ಥನಿಗೆ ಶಿಕ್ಷೆ, ಜೋರಾಗಿ ಹೋಗುವವನಿಗೆ ಬಹುಮಾನ! ಅದೇ ಉಬ್ಬನ್ನು ಅಗಲ ಮಾಡಿದರೆ ಲೆಕ್ಕ ತಿರುಗುತ್ತದೆ. ಇಡೀ ಗಾಡಿ ಮೇಲೆದ್ದು ಇಳಿಯಬೇಕಾದ್ದರಿಂದ ವೇಗ ಹೆಚ್ಚಿದಷ್ಟೂ ಕುಲುಕಾಟ ಹೆಚ್ಚು, ನಿಧಾನ ಹೋದವನಿಗೆ ಏನೂ ಇಲ್ಲ. ವಾಟ್ಸ್ ಕೊಟ್ಟ ಅಳತೆ ಹನ್ನೆರಡು ಅಡಿ ಅಗಲ, ನಾಲ್ಕು ಇಂಚು ಎತ್ತರ. 1975ರಲ್ಲಿ ಆಕ್ಸ್‌ಫರ್ಡಿನ ಒಂದು ರಸ್ತೆಯಲ್ಲಿ ಇದನ್ನು ಹಾಕಿ ನೋಡಿದರು. ಅಲ್ಲಿ ರಸ್ತೆ ಉಬ್ಬಿಗೆ ನಿಯಮಾವಳಿ ಬಂದಿದ್ದು 1983ರಲ್ಲಿ. ಹತ್ತು ವರ್ಷ ಕಾದರು. ನಮ್ಮಲ್ಲಿ ಹತ್ತು ಗಂಟೆ ಸಾಕು.

ಹಾಗಂತ ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. 1934ರಲ್ಲಿ ಶುರುವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆ ರಸ್ತೆಯ ಪ್ರತಿಯೊಂದಕ್ಕೂ ಒಂದು ಪುಸ್ತಿಕೆ ಬರೆದಿಟ್ಟಿದೆ. ಹಂಪಿನದು ಐಆರ್‌ಸಿ 99, ಬಂದಿದ್ದು 1988ರಲ್ಲಿ. ನಾನು ಬಾಯಿ ಬಿಟ್ಟುಕೊಂಡು ಓದಿದೆ. ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ದುಂಡು. ಹನ್ನೆರಡು ಅಡಿಯನ್ನು ಮೀಟರಿಗೆ ತಿರುಗಿಸಿ ನೋಡಿ, 3.66. ನಾಲ್ಕು ಇಂಚು ಅಂದರೆ 10.16 ಸೆಂಟಿಮೀಟರ್. ವಾಟ್ಸ್‌ನ ಹಂಪೇ! ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕು ಅಂತ ಮಾಡಿದ್ದು. ಸಣ್ಣ ರಸ್ತೆಗಳಿಗೆ ಮಾತ್ರ ಅಂತ ತಲೆಬರಹದಲ್ಲೇ ಇದೆ. ಕಪ್ಪು ಬಿಳಿ ಪಟ್ಟೆ ಬಳಿಯಬೇಕು, ರಾತ್ರಿ ಹೊಳೆಯುವ ಬಣ್ಣ ಇದ್ದರೆ ಒಳ್ಳೆಯದು, 40 ಮೀಟರ್ ಮುಂಚೆ ಎಚ್ಚರಿಕೆ ಬೋರ್ಡ್ ಇರಬೇಕು. 2018ರಲ್ಲಿ ಪರಿಷ್ಕೃತ ಆವೃತ್ತಿಯೂ ಬಂದಿದೆ. ಅದಕ್ಕೂ ಮುಂಚೆ 2016ರಲ್ಲಿ ಕೇಂದ್ರದ ಸಾರಿಗೆ ಇಲಾಖೆ ರಾಷ್ಟ್ರೀಯ ಹೆದ್ದಾರಿಗಳ ಮೇಲಿನ ಹಂಪುಗಳನ್ನು ತೆಗೆಯಿರಿ ಅಂತ ಸುತ್ತೋಲೆ ಕಳಿಸಿತ್ತು. ಕಾಗದದಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ.

ಇನ್ನು ಸ್ವಲ್ಪ ಲೆಕ್ಕ, ಬೇಜಾರಾದರೆ ಒಂದು ಪ್ಯಾರಾ ಹಾರಿಸಿ. 17 ಮೀಟರ್ ತ್ರಿಜ್ಯದ ದುಂಡಿನ ನೆತ್ತಿಯ ಮೇಲೆ 25 ಕಿಲೋಮೀಟರ್ ವೇಗದಲ್ಲಿ ಹೋದರೆ ನಿಮ್ಮ ಭಾರ ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾದಂತೆ ಅನ್ನಿಸುತ್ತದೆ, ಅಷ್ಟೇ. 40ರಲ್ಲಿ ಕಾಲು ಭಾಗ ಮಾತ್ರ ಉಳಿಯುತ್ತದೆ. 46 ದಾಟಿದರೆ, ಸಸ್ಪೆನ್ಷನ್ ಲೆಕ್ಕಕ್ಕೆ ಹಿಡಿಯದಿದ್ದರೆ, ಸೊನ್ನೆ, ಅಂದರೆ ಗಾಳಿಯಲ್ಲಿ. ಹಂತಹಂತವಾಗಿ ಎಚ್ಚರಿಸುತ್ತದೆ, ಅದೇ ಅದರ ಚಂದ. ನನ್ನ ಬೈಕಿನ ಎರಡು ಚಕ್ರಗಳ ನಡುವಿನ ಅಂತರ ಒಂದೂಕಾಲು ಮೀಟರಿಗೂ ಸ್ವಲ್ಪ ಕಮ್ಮಿ. 3.7 ಮೀಟರ್ ಹಂಪಿನ ಮೇಲೆ ಇಡೀ ಬೈಕು ಹತ್ತಿ ನಿಲ್ಲಬಹುದು, ದೋಣಿ ಅಲೆ ಹತ್ತಿದ ಹಾಗೆ. ಒಂದು ಅಡಿ, ಒಂದೂವರೆ ಅಡಿಯ ದಿಂಡು ಹಾಗಲ್ಲ. ಮುಂದಿನ ಚಕ್ರಕ್ಕೆ ಒಂದು ಏಟು, ಹಿಂದಿನದಕ್ಕೆ ಇನ್ನೊಂದು. 40ರ ವೇಗದಲ್ಲಿ ಎರಡರ ನಡುವೆ ಇರುವ ಸಮಯ ಸೆಕೆಂಡಿನ ಹತ್ತರಲ್ಲೊಂದು ಭಾಗ. ಮೊದಲ ಏಟು ಓಡಿಸುವವನ ಕೈಗೆ ಬರುತ್ತದೆ, ಅವನು ಹ್ಯಾಂಡಲ್ ಹಿಡಿದಿರುತ್ತಾನೆ. ಎರಡನೆಯದು ಸರಿಯಾಗಿ ಹಿಂದಿನ ಚಕ್ರದ ಮೇಲೆ ಕೂತವರಿಗೆ. ಅವರು ರಸ್ತೆ ನೋಡುತ್ತಿರುವುದಿಲ್ಲ, ಪಕ್ಕದ ತೋಟ ನೋಡುತ್ತಿರುತ್ತಾರೆ. ಒಂದೇ ಕಡೆ ಕಾಲು ಹಾಕಿದ್ದರೆ ತೊಡೆಯಿಂದ ಸೀಟನ್ನು ಅಪ್ಪಿ ಹಿಡಿಯುವುದಕ್ಕೂ ಆಗುವುದಿಲ್ಲ. ನಮ್ಮ ಪೇಪರುಗಳಲ್ಲಿ ಹಂಪ್ ಮೇಲೆ ಬಿದ್ದವರ ಸುದ್ದಿ ಬಂದಾಗಲೆಲ್ಲ ಅದು ಯಾರದೋ ಹೆಂಡತಿ, ಯಾರದೋ ತಾಯಿ. ಯಾಕೆ ಅಂತ ಅವತ್ತಿನವರೆಗೆ ನಾನು ಯೋಚಿಸಿಯೇ ಇರಲಿಲ್ಲ.

ಇಷ್ಟೆಲ್ಲ ತಲೆಯಲ್ಲಿ ತುಂಬಿಕೊಂಡು, ಟೇಪ್ ಹಿಡಿದು, ಜನವರಿಯಲ್ಲಿ ಆ ಹಂಪಿನ ಹತ್ತಿರ ಹೋದೆ. ಕಾಣಲೇ ಇಲ್ಲ. ರಸ್ತೆಯ ಅರ್ಧಕ್ಕೆ ರಾಗಿ ಒಕ್ಕಣೆ ಹರಡಿದ್ದರು, ಹಂಪು ಹುಲ್ಲಿನ ಕೆಳಗೆ ಬೆಚ್ಚಗಿತ್ತು. (ಅದು ಇನ್ನೊಂದು ಪುರಾಣ. ರಾಗಿ ಹುಲ್ಲಿನ ಮೇಲೆ ಬೈಕ್ ಬ್ರೇಕ್ ಹಿಡಿದವರಿಗೆ ಗೊತ್ತು. ಆದರೆ ಕಣ ಮಾಡುವ ಜಾಗದಲ್ಲಿ ಸೈಟು ಮಾಡಿದ ಮೇಲೆ ರೈತ ಇನ್ನೆಲ್ಲಿ ಹೋಗಬೇಕು?) ಪಕ್ಕದ ಟೀ ಅಂಗಡಿಯ ಹೆಂಗಸು ನನ್ನನ್ನೇ ನೋಡುತ್ತಿದ್ದರು.

"ಅವತ್ತು ಅಮ್ಮನ್ನ ಬೀಳ್ಸಿದ್ದು ನೀನೇ ಅಲ್ವೇನಪ್ಪಾ?"

ಹೂಂ ಅಂದೆ. ಅವತ್ತು ಆಟೋ ತರಿಸಿ, ಅಮ್ಮನ ತಲೆಗೆ ತಮ್ಮ ಟವಲ್ ಕಟ್ಟಿದ್ದು ಇವರೇ. ನನಗೆ ಮುಖ ನೆನಪಿರಲಿಲ್ಲ.

"ಹೆಂಗವ್ರೆ ಈಗ?"

ಪರವಾಗಿಲ್ಲ ಕಣಮ್ಮ, ಕೈ ಎತ್ತೋಕಾಗುತ್ತೆ ಅಂದೆ. ಅವರೇ ಪೊರಕೆ ತಂದು ಹುಲ್ಲು ಸರಿಸಿಕೊಟ್ಟರು. ಅಳೆದೆ. ಅಗಲ 45 ಸೆಂಟಿಮೀಟರ್, ಎತ್ತರ 12. ತ್ರಿಜ್ಯ ಲೆಕ್ಕ ಹಾಕಿದರೆ 27 ಸೆಂಟಿಮೀಟರ್. 17 ಮೀಟರ್ ಇರಬೇಕಾದ ಕಡೆ ಕಾಲು ಮೀಟರ್! ನನ್ನ ಬೈಕಿನ ಚಕ್ರದ ತ್ರಿಜ್ಯವೇ ಅದಕ್ಕಿಂತ ಹೆಚ್ಚು, ಸುಮಾರು 30. ಯಾರು ಹಾಕಿದ್ದು ಇದನ್ನ, ಬುದ್ಧಿ ಇಲ್ವಾ ಅಂತ ಕೇಳಿಬಿಟ್ಟೆ.

"ನಾವೇ ಹಾಕಿಸ್ಕೊಂಡಿದ್ದು" ಅಂದರು.

ಆಯುಧಪೂಜೆಯ ಮಾರನೇ ದಿನ, ಅಂಗಡಿಗೆ ಅಂತ ರಸ್ತೆ ದಾಟುತ್ತಿದ್ದ ಅವರ ಭಾವನ ಮೊಮ್ಮಗನಿಗೆ ಗಾಡಿ ಹೊಡೆದಿತ್ತು. ಎರಡನೇ ಕ್ಲಾಸು. ಡಾಂಬರು ಹಾಕುವ ಮುಂಚೆ ಗುಂಡಿಗಳಿಗೆ ಹೆದರಿ ಎಲ್ಲರೂ ನಿಧಾನ ಬರುತ್ತಿದ್ದರಂತೆ, ರಸ್ತೆ ನುಣ್ಣಗಾದ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಊರವರು ಹುಡುಗನನ್ನು ಮಣ್ಣು ಮಾಡಿ ಬಂದು ರಸ್ತೆಗೆ ಅಡ್ಡ ಕೂತರು. ಹಂಪ್ ಹಾಕುವವರೆಗೆ ಏಳಲ್ಲ ಅಂದರು. ರಾತ್ರಿಯೇ ಟ್ರ್ಯಾಕ್ಟರಿನಲ್ಲಿ ಡಾಂಬರು ಬಂತು. ಅಳತೆ ಯಾರು ಕೇಳುತ್ತಾರೆ? ಎತ್ತರ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಊರವರೇ ಹೇಳಿದ್ದಂತೆ. "ಹಾಕೋಕೆ ಬಂದ್ರು, ಬಣ್ಣಕ್ಕೆ ಮಾತ್ರ ಯಾರೂ ಬರ್ಲಿಲ್ಲ. ನಿಮ್ಮಮ್ಮನಾದ್ಮೇಲೆ ಇನ್ನೂ ಇಬ್ರು ಬಿದ್ರು."

ಚ್ಯಾಥಂ ಊರಿನವರು ನೆನಪಾದರು. ನಾನು ನಾಲ್ಕು ಮಾತು ಬಯ್ಯೋಣ ಅಂತ ಹುಡುಕುತ್ತಿದ್ದ ಮನುಷ್ಯರು ಇವರೇ, ನನಗೆ ಟೀ ಕೊಟ್ಟು ದುಡ್ಡು ಬೇಡ ಅನ್ನುತ್ತಿದ್ದರು. ಹಂಪ್ ತೆಗೆಸಿ ಅಂತ ಅರ್ಜಿ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಅದನ್ನು ಹೊರಗೆ ತೆಗೆಯಲಿಲ್ಲ.

ಮನೆಗೆ ಬಂದು ಬೇರೆ ಅರ್ಜಿ ಬರೆದೆ. ಹಂಪ್ ಇರಲಿ, 3.7 ಮೀಟರ್ ಅಗಲ ಮಾಡಿ, ಪಟ್ಟೆ ಬಳಿಯಿರಿ, ಎರಡೂ ಕಡೆ 40 ಮೀಟರ್ ಮುಂಚೆ ಬೋರ್ಡ್ ಹಾಕಿ ಅಂತ. ಐಆರ್‌ಸಿ 99ರ ಚಿತ್ರವನ್ನೂ ಲಗತ್ತಿಸಿದೆ. ಅಮ್ಮ ಎಡಗೈಯಲ್ಲಿ ಸಹಿ ಹಾಕಿದಳು, ಟೀ ಅಂಗಡಿಯವರು ಹಾಕಿದರು, ಹುಡುಗನ ತಾತ ಹೆಬ್ಬೆಟ್ಟು ಒತ್ತಿದರು. ಸ್ವೀಕೃತಿ ಕೊಟ್ಟಿದ್ದಾರೆ. ಬಣ್ಣ ಬರುವವರೆಗೆ ಕಾಯೋದು ಬೇಡ ಅಂತ ಶಿವರಾತ್ರಿ ರಜೆಗೆ ಹೋದಾಗ ಎರಡು ಲೀಟರ್ ಬಿಳಿ ಬಣ್ಣ ತಗೊಂಡು ಹೋಗಿ ಆ ಊರಿನ ಹುಡುಗರ ಜೊತೆ ನಾವೇ ಬಳಿದೆವು. ಪಟ್ಟೆ ಸೊಟ್ಟಗೆ ಬಂದಿವೆ. ಒಂದು ಮಳೆಗಾಲ ತಡೆಯಬಹುದು.

ನಿಮ್ಮೂರಲ್ಲೂ ಇಂಥದ್ದು ಇದ್ದೇ ಇರುತ್ತದೆ. ಗಾಡಿ ಬರದ ಹೊತ್ತು ನೋಡಿಕೊಂಡು ಅಳೆಯಿರಿ. ಅಗಲದ ವರ್ಗವನ್ನು ಎತ್ತರದ ಎಂಟರಷ್ಟರಿಂದ ಭಾಗಿಸಿ, ಬಂದಿದ್ದಕ್ಕೆ ಎತ್ತರದ ಅರ್ಧ ಕೂಡಿಸಿ, ಅದೇ ತ್ರಿಜ್ಯ. ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಅದನ್ನು ಯಾಕೆ ಹಾಕಿದರು ಅಂತ ಪಕ್ಕದ ಅಂಗಡಿಯಲ್ಲಿ ಕೇಳಿದರೆ ಅದನ್ನೂ ಬರೆಯಿರಿ.