ಸರ್ಕಾರಿ ಉದ್ಯೋಗ ಯೋಜನೆಗಳಲ್ಲಿ ಅಪಘಾತದ ರಕ್ಷಣೆ

ನಾಗಪುರದ ಪೂರ್ವಭಾಗದಲ್ಲಿರುವ ಕಳಮನಾ ವಿದರ್ಭದ ಪ್ರಮುಖ ಕೃಷಿ ಮಾರುಕಟ್ಟೆ. ಕಿತ್ತಳೆ, ಮೆಣಸಿನಕಾಯಿ, ಧಾನ್ಯ ಇಲ್ಲಿಗೆ ಲಾರಿಗಳಲ್ಲಿ ಬಂದು ಹಮಾಲರ ತಲೆ, ಬೆನ್ನುಗಳ ಮೇಲೆ ಗೋದಾಮು ಸೇರುತ್ತವೆ. ಬ್ಯಾಡಗಿಯ ಮಾರುಕಟ್ಟೆಯನ್ನು ಕಂಡವರಿಗೆ ಈ ದೃಶ್ಯ ಹೊಸದಲ್ಲ. ಹಮಾಲನು ಇಂದು ಒಬ್ಬ ವರ್ತಕನ ಮೂಟೆ ಹೊರುತ್ತಾನೆ, ನಾಳೆ ಇನ್ನೊಬ್ಬನದು. ಮೂಟೆ ಜಾರಿ ಅವನ ಕಾಲು ಮುರಿದರೆ ಹೊಣೆ ಯಾರದು? ಸರ್ಕಾರಿ ಯೋಜನೆಯ ಮೂಲಕ ಕಾರ್ಖಾನೆಗೋ ಕಚೇರಿಗೋ ತರಬೇತಿಗೆ ಹೋಗುವ ಯುವಕ ಯುವತಿಯರ ಮುಂದೆಯೂ ಇದೇ ಪ್ರಶ್ನೆಯಿದೆ. ಕೆಲಸಕ್ಕೆ ಕಳಿಸಿದವರು ಒಬ್ಬರು, ಕೆಲಸ ಮಾಡಿಸಿಕೊಳ್ಳುವವರು ಮತ್ತೊಬ್ಬರು ಆದಾಗ ಹೊಣೆ ನಡುವೆ ಜಾರಿಹೋಗದಂತೆ ಕಾನೂನು ನೋಡಿಕೊಳ್ಳಬೇಕಾಗುತ್ತದೆ.

ಮಾಥಾಡಿ ಮಂಡಳಿಯ ಮಾದರಿ

ಈ ಪ್ರಶ್ನೆಗೆ ಮಹಾರಾಷ್ಟ್ರ 1969ರಲ್ಲೇ ಒಂದು ಉತ್ತರ ಕಂಡುಕೊಂಡಿತು. ತಲೆಯ ಮೇಲೆ ಹೊರೆ ಹೊರುವವನು ಮಾಥಾಡಿ. ಮರಾಠಿಯಲ್ಲಿ ‘ಮಾಥಾ’ ಎಂದರೆ ತಲೆ. ಮುಂಬೈಯಲ್ಲಿ ಅಣ್ಣಾಸಾಹೇಬ ಪಾಟೀಲರು ಸಂಘಟಿಸಿದ ಹೋರಾಟದ ಫಲವಾಗಿ ಆ ವರ್ಷ ಮಾಥಾಡಿ, ಹಮಾಲ ಮತ್ತು ಇತರ ದೈಹಿಕ ಶ್ರಮಿಕರ ಕಾಯ್ದೆ ಬಂತು. ಕಾಯ್ದೆಯಡಿ ರಚನೆಯಾಗುವ ಮಂಡಳಿಯಲ್ಲಿ ವರ್ತಕರೂ ಕಾರ್ಮಿಕರೂ ನೋಂದಾಯಿಸಿಕೊಳ್ಳುತ್ತಾರೆ. ವರ್ತಕರು ಕೂಲಿಯ ಜೊತೆಗೆ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ. ಕೂಲಿ, ಭವಿಷ್ಯನಿಧಿ, ಗ್ರಾಚ್ಯುಟಿ ಮಂಡಳಿಯ ಮೂಲಕ ಕಾರ್ಮಿಕನಿಗೆ ಸಲ್ಲುತ್ತವೆ.

ಕಾಯ್ದೆಯ ಅತ್ಯಂತ ದೂರದೃಷ್ಟಿಯ ಅಂಶ ಅಪಘಾತಕ್ಕೆ ಸಂಬಂಧಿಸಿದ್ದು. ನೋಂದಾಯಿತ ಶ್ರಮಿಕನಿಗೆ ಕೂಲಿ ಕೊಡುವುದು ಮಂಡಳಿಯಾದರೆ, ಪರಿಹಾರದ ಮಟ್ಟಿಗೆ ಮಂಡಳಿಯೇ ಅವನ ಮಾಲೀಕ. ಯಾರ ಅಂಗಡಿಯ ಮುಂದೆ ಬಿದ್ದೆ ಎಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ. ಈ ರಕ್ಷಣೆ ಸಿಗುವುದು ನೋಂದಣಿಯಾದವರಿಗೆ ಮಾತ್ರ. ಕರ್ನಾಟಕದಲ್ಲಿ ಹಮಾಲರು ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ‘ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ’ ಯೋಜನೆಗೆ ಸೇರುತ್ತಾರೆ. ಅದು ನೆರವಿನ ಯೋಜನೆ. ಅಲ್ಲಿ ಮಂಡಳಿ ಮಾಲೀಕನ ಸ್ಥಾನದಲ್ಲಿ ನಿಲ್ಲುವುದಿಲ್ಲ.

ಅಪ್ರೆಂಟಿಸ್‌ಗಳ ಹಕ್ಕು

ಇನ್ನು ತರಬೇತಿಗೆ ಹೋಗುವವರ ವಿಷಯ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಆದ್ದರಿಂದ ನೌಕರರ ರಾಜ್ಯ ವಿಮೆಯ (ಇಎಸ್‌ಐ) ಸೌಲಭ್ಯ ಅವನಿಗಿಲ್ಲ. ಯಂತ್ರದ ಮುಂದೆ ನಿಂತ ಕಾಯಂ ಕಾರ್ಮಿಕನಿಗೆ ಸಿಗುವ ಇಎಸ್‌ಐ ಆಸ್ಪತ್ರೆ ಪಕ್ಕದಲ್ಲಿ ನಿಂತ ಅಪ್ರೆಂಟಿಸ್‌ಗೆ ಸಿಗುವುದಿಲ್ಲ.

ಹಾಗೆಂದು ಕಾನೂನು ಅವನನ್ನು ಕೈಬಿಟ್ಟಿಲ್ಲ. ಕಾಯ್ದೆಯ 14ನೇ ಕಲಮಿನಂತೆ ಕಾರ್ಖಾನೆಯಲ್ಲಿ ಕಾರ್ಮಿಕರಿಗಿರುವ ಆರೋಗ್ಯ, ಸುರಕ್ಷತೆಯ ನಿಯಮಗಳು ಅಪ್ರೆಂಟಿಸ್‌ಗೂ ಅನ್ವಯಿಸುತ್ತವೆ. 16ನೇ ಕಲಮಿನಂತೆ ತರಬೇತಿಯ ವೇಳೆ ಅದರ ಕಾರಣದಿಂದ ಗಾಯವಾದರೆ ಮಾಲೀಕನು ಪರಿಹಾರ ಕೊಡಲೇಬೇಕು.

ಪರಿಹಾರದ ಲೆಕ್ಕ

ಲೆಕ್ಕದ ಸೂತ್ರ ಮೂಲತಃ 1923ರ ಪರಿಹಾರ ಕಾಯ್ದೆಯದು. ಮರಣ ಸಂಭವಿಸಿದರೆ ಮಾಸಿಕ ವೇತನದ ಶೇ. 50ನ್ನು, ಸಂಪೂರ್ಣ ಶಾಶ್ವತ ಅಂಗವೈಕಲ್ಯ ಉಂಟಾದರೆ ಶೇ. 60ನ್ನು, ವಯಸ್ಸಿಗೆ ತಕ್ಕ ಗುಣಾಂಕದಿಂದ ಗುಣಿಸಬೇಕು. 20 ವರ್ಷದವರ ಗುಣಾಂಕ 224. ತಿಂಗಳಿಗೆ 9,000 ರೂಪಾಯಿ ಪಡೆಯುವ 20 ವರ್ಷದ ವ್ಯಕ್ತಿ ಮೃತಪಟ್ಟರೆ ಕುಟುಂಬಕ್ಕೆ 4,500 × 224, ಅಂದರೆ 10,08,000 ರೂಪಾಯಿ ಸಲ್ಲಬೇಕು. ವಯಸ್ಸು ಕಡಿಮೆಯಿದ್ದಷ್ಟೂ ಗುಣಾಂಕ ಹೆಚ್ಚು, ಏಕೆಂದರೆ ಕಳೆದುಹೋದ ದುಡಿಮೆಯ ವರ್ಷಗಳೂ ಹೆಚ್ಚು.

ಸಾಮಾನ್ಯವಾಗಿ ನಡೆಯುವುದು ಇಷ್ಟು ಘೋರವಲ್ಲದ ಅಪಘಾತ. ಕೈ ಮುರಿಯುತ್ತದೆ, ಬೆನ್ನು ಹಿಡಿಯುತ್ತದೆ, ಎರಡು ತಿಂಗಳಲ್ಲಿ ಗುಣವಾಗುತ್ತದೆ. ಇದಕ್ಕೂ ಕಾನೂನಿನಲ್ಲಿ ದಾರಿಯಿದೆ: ಚಿಕಿತ್ಸೆಯ ವಾಸ್ತವ ವೆಚ್ಚದ ಮರುಪಾವತಿ ಮತ್ತು ಪ್ರತಿ ಅರ್ಧ ತಿಂಗಳಿಗೆ ಮಾಸಿಕ ವೇತನದ ಶೇ. 25. ಕುಡಿದ ಅಮಲಿನಲ್ಲಿ ಅಥವಾ ಸುರಕ್ಷಾ ಸಾಧನವನ್ನು ಬೇಕೆಂದೇ ತೆಗೆದು ಗಾಯ ಮಾಡಿಕೊಂಡರೆ ಮಾಲೀಕನು ಹೊಣೆ ನಿರಾಕರಿಸಬಹುದು. ಮರಣ ಅಥವಾ ಸಂಪೂರ್ಣ ಶಾಶ್ವತ ಅಂಗವೈಕಲ್ಯ ಸಂಭವಿಸಿದಾಗ ಈ ನೆಪವೂ ನಡೆಯದು.

2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು 1923ರ ಕಾಯ್ದೆಯ ಸ್ಥಾನವನ್ನು ವಹಿಸಿಕೊಂಡಿದೆ. ಲೆಕ್ಕದ ಚೌಕಟ್ಟು ಉಳಿದಿದೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತವೂ, ಕೆಲಸದೊಂದಿಗೆ ಸಂಬಂಧ ಸ್ಥಾಪಿತವಾದರೆ, ಈಗ ಪರಿಹಾರದ ವ್ಯಾಪ್ತಿಗೆ ಬರುತ್ತದೆ.

ವಿಮೆಯ ಮಿತಿ

2024ರ ಅಕ್ಟೋಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಬೇರೆ ಹಾದಿ ಹಿಡಿಯಿತು. ಆರಂಭದಲ್ಲಿ ನಿಗದಿಯಾಗಿದ್ದ ತಿಂಗಳಿಗೆ 5,000 ರೂಪಾಯಿ ಭತ್ಯೆಯ ಜೊತೆಗೆ ಜೀವನ ಜ್ಯೋತಿ ಮತ್ತು ಸುರಕ್ಷಾ ಬಿಮಾ ಯೋಜನೆಗಳ ಕಂತನ್ನು ಸರ್ಕಾರವೇ ತುಂಬುವ ವ್ಯವಸ್ಥೆ ಇದರಲ್ಲಿದೆ. ಸುರಕ್ಷಾ ಬಿಮಾದ ವಾರ್ಷಿಕ ಕಂತು 20 ರೂಪಾಯಿ. ಅಪಘಾತದಿಂದ ಮರಣ ಅಥವಾ ಸಂಪೂರ್ಣ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯವಾದರೆ 1 ಲಕ್ಷ ರೂಪಾಯಿ ಸಿಗುತ್ತದೆ.

ಕಂತಿಗೆ ಹೋಲಿಸಿದರೆ ಇದು ದೊಡ್ಡ ನೆರವು. ಆದರೆ ಮುರಿದು ಕೂಡಿಕೊಳ್ಳುವ ಮೂಳೆಗೆ ಈ ವಿಮೆ ಏನನ್ನೂ ಕೊಡುವುದಿಲ್ಲ. ಆಸ್ಪತ್ರೆಯ ಬಿಲ್ಲಾಗಲಿ ಕಳೆದ ಭತ್ಯೆಯಾಗಲಿ ಅದರ ಲೆಕ್ಕಕ್ಕೆ ಬರುವುದಿಲ್ಲ. ವಿಮೆ ಕಾನೂನುಬದ್ಧ ಪರಿಹಾರಕ್ಕೆ ಪೂರಕವಾಗಬಲ್ಲದು, ಬದಲಿಯಾಗಲಾರದು. ವಿಮೆಯ 2 ಲಕ್ಷಕ್ಕೂ ಹಿಂದೆ ಹೇಳಿದ ಲೆಕ್ಕದ 10 ಲಕ್ಷಕ್ಕೂ ಇರುವ ಅಂತರವೇ ಇದಕ್ಕೆ ಸಾಕ್ಷಿ.

ಅಪಘಾತವಾದಾಗ

ಸೇರುವ ದಿನವೇ ಒಪ್ಪಂದಪತ್ರ ಅಥವಾ ನೇಮಕದ ಪತ್ರದ ಪ್ರತಿಯನ್ನು ಕೇಳಿ ಪಡೆಯಬೇಕು. ಯಾವ ರಕ್ಷಣೆ ಅನ್ವಯಿಸುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಗಾಯವಾದ ಕೂಡಲೇ ಸಂಸ್ಥೆಗೆ ಲಿಖಿತ ಸೂಚನೆ ಕೊಟ್ಟು, ಚಿಕಿತ್ಸೆಯ ಕಾಗದಗಳನ್ನೆಲ್ಲ ಜೋಪಾನ ಮಾಡಬೇಕು. ಮಾಲೀಕನು ಪರಿಹಾರ ಕೊಡದಿದ್ದರೆ ಪರಿಹಾರದ ವಿಷಯ ನಿರ್ಧರಿಸುವ ಅಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಅದಕ್ಕಿರುವ ಅವಧಿ ಅಪಘಾತದ ದಿನದಿಂದ ಎರಡು ವರ್ಷ. ಮರಣವಾಗಿದ್ದರೆ ಮರಣದ ದಿನದಿಂದ ಎರಡು ವರ್ಷ.