ಪುತ್ತೂರು ಸೀಮೆಯ ಕಳ್ಳೂ ಅದರ ಉಪದಂಶಗಳೂ

ಮದ್ಯವನ್ನು ಅದು ಹುಟ್ಟಿದ ದೇಶದ ಹೆಸರಿನಿಂದ ಕರೆಯುವ ಸಂಪ್ರದಾಯವು ಪಾಶ್ಚಾತ್ಯರದೆಂದು ಅನೇಕರು ಭಾವಿಸಿರುವರು. ಫ್ರಾನ್ಸಿನ ಶಾಂಪೇನ್, ಬೋರ್ಡೋ ಮೊದಲಾದ ಹೆಸರುಗಳು ಆ ಭಾವನೆಗೆ ಕಾರಣ. ಆದರೆ ಪಾಣಿನಿಯು ಕಾಪಿಶೀ ಎಂಬ ನಗರದ ಹೆಸರಿನಿಂದ ಕಾಪಿಶಾಯನ ಶಬ್ದವನ್ನು ಸಾಧಿಸಲು ಒಂದು ಸೂತ್ರವನ್ನೇ ಮೀಸಲಿಟ್ಟಿರುವನು. ವೃತ್ತಿಕಾರರು ಅದಕ್ಕೆ ಆ ನಾಡಿನ ಮಧುವನ್ನೂ ದ್ರಾಕ್ಷೆಯನ್ನೂ ಉದಾಹರಿಸಿರುವರು. ಕಾಬೂಲಿಗೆ ಉತ್ತರದಲ್ಲಿರುವ ಬೇಗ್ರಾಮವೇ ಆ ಕಾಪಿಶಿಯೆಂದು ಚರಿತ್ರಕಾರರ ಮತ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿಯೂ ದ್ರಾಕ್ಷಾರಸದ ಮದ್ಯವು ಕಾಪಿಶಾಯನ, ಹಾರಹೂರಕ ಎಂದು ದೇಶಭೇದದಿಂದ ಹೆಸರು ಪಡೆದಿದೆ. ಪಾನದೊಡನೆ ನಂಜಿಕೊಳ್ಳುವ ಖಾದ್ಯಕ್ಕೆ ಉಪದಂಶವೆಂದೂ ಅವದಂಶವೆಂದೂ ಸಂಸ್ಕೃತದಲ್ಲಿ ಹೆಸರುಗಳಿವೆ. ಯಾವ ಪಾನಕ್ಕೆ ಯಾವ ತಿನಿಸು ಸಲ್ಲುವುದೆಂಬ ವಿವೇಚನೆಯು ಪ್ರಾಚೀನವಾದುದೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ದ್ರಾಕ್ಷೆಯ ಬಳ್ಳಿಗೆ ನೆಲೆಯಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯಲ್ಲಿ ಅದು ಬಾಳಲಾರದು. ಕರ್ಣಾಟಕದಲ್ಲಿ ಅದರ ಸೀಮೆಗಳು ನಂದಿ ಬೆಟ್ಟದ ತಪ್ಪಲೂ ಕೃಷ್ಣಾತೀರದ ಒಣನಾಡೂ ಆಗಿರುವುವು. ಘಟ್ಟದ ಬುಡದ ಈ ನಾಡಿನಲ್ಲಿ ಬಳ್ಳಿಯ ಸ್ಥಾನವನ್ನು ಮರಗಳು ವಹಿಸಿದವು. ತುಳುವಿನಲ್ಲಿ ಕಲಿಯೆಂದು ಕರೆಯುವ ಕಳ್ಳು ಇಲ್ಲಿ ಮುಖ್ಯವಾಗಿ ತೆಂಗು, ಬೈನೆಗಳಿಂದ ಇಳಿಯುತ್ತ ಬಂದಿತು. ಕರಾವಳಿಯ ಕಡೆಗೆ ಹೋದಂತೆ ತಾಳೆಯೂ ಸೇರುವುದು.

ಇವೆರಡು ಮರಗಳ ಸ್ವಭಾವ ಬೇರೆ ಬೇರೆ. ತೆಂಗು ತೋಟದ ಮರ. ನೆಟ್ಟವನೊಬ್ಬನಿರುವನು, ವರ್ಷವಿಡೀ ಹೊಂಬಾಳೆ ಬಿಡುವುದು. ಬೈನೆಯನ್ನು ಸಾಮಾನ್ಯವಾಗಿ ಯಾರೂ ನೆಡುವುದಿಲ್ಲ. ಪುನುಗು ಬೆಕ್ಕಿನಂತಹ ಪ್ರಾಣಿಗಳು ಹಣ್ಣು ತಿಂದು ಹರಡಿದ ಬೀಜದಿಂದ ಅದು ಕಾಡಿನಲ್ಲಿಯೂ ಅಡಕೆ ತೋಟದ ಅಂಚಿನಲ್ಲಿಯೂ ತಾನಾಗಿ ಏಳುವುದು. ಬಲಿತ ಮೇಲೆ ತುದಿಯಿಂದ ಆರಂಭಿಸಿ ಕೆಳಗೆ ಕೆಳಗೆ ಹೂಗೊಂಚಲು ಬಿಡುತ್ತ ಬಂದು, ಕಡೆಯ ಗೊಂಚಲು ಮುಗಿದೊಡನೆ ಮರವು ಸಾಯುವುದು. ಆದುದರಿಂದ ಒಂದೊಂದು ಬೈನೆಯ ಕಳ್ಳಿಗೂ ಲೆಕ್ಕದ ಆಯುಸ್ಸು. ಹೊಂಬಾಳೆಯನ್ನು ಬಿಗಿದು ಕಟ್ಟಿ, ಹಲವು ದಿನ ಹದವಾಗಿ ಬಡಿದು, ತುದಿಯನ್ನು ತೆಳುವಾಗಿ ಕೊಯ್ದು ಮಡಕೆ ಕಟ್ಟುವ ಈ ಕೆಲಸಕ್ಕೆ ಮೂರ್ತೆಯೆಂದು ಹೆಸರು. ಏಟು ಹೆಚ್ಚಾದರೆ ಹೊಂಬಾಳೆ ಕೆಡುವುದು, ಕಡಮೆಯಾದರೆ ರಸ ಇಳಿಯದು. ಮಡಕೆಯ ಒಳಗೆ ಸುಣ್ಣ ಬಳಿದರೆ ರಸವು ಹುಳಿಯದೆ ಸಿಹಿಯಾಗಿಯೇ ಉಳಿಯುವುದು. ಅದನ್ನು ಕಾಯಿಸಿದರೆ ಬೆಲ್ಲ. ಸುಣ್ಣವಿಲ್ಲದ ಮಡಕೆಯಲ್ಲಿ ಕೆಲವೇ ಗಂಟೆಗಳೊಳಗೆ ನೊರೆಯೆದ್ದು ಕಳ್ಳಾಗುವುದು. ದಿನ ಕಳೆದರೆ ಹುಳಿಯೇರುತ್ತ ಕಡೆಗೆ ಶಿರ್ಕಾ ಆಗುವುದು.

ಉಪದಂಶಗಳೂ ಈ ಅವಸ್ಥೆಗಳನ್ನೇ ಅನುಸರಿಸಿದವು. ಗಡಂಗುಗಳಲ್ಲಿ ಸಿಹಿಹುಳಿಯಾದ ಬಿಳಿಯ ಕಳ್ಳಿನೊಡನೆ ಮೀನಿನ ಖಾರದ ಪದಾರ್ಥವೂ ಹುರಿದ ಮೀನೂ ಸಂದವು. ಉಪ್ಪು ಖಾರಗಳ ಉರಿಯನ್ನು ತಂಪಾದ ಕಳ್ಳು ತಣಿಸುವುದೆಂಬುದೇ ಇದರ ಯುಕ್ತಿ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಅಕ್ಕಿಯ ಹಿಟ್ಟು ಕಳ್ಳಿನಿಂದಲೇ ಉಬ್ಬಿ ಸನ್ನಾ ಎಂಬ ಮೃದುವಾದ ಕಡುಬಾಯಿತು, ಶಿರ್ಕಾ ಮಾಂಸದ ಅಡಿಗೆಗೆ ಹುಳಿಯಾಯಿತು. ಹೀಗೆ ಕಳ್ಳು ತಿನಿಸಿನ ಪಕ್ಕದಿಂದ ತಿನಿಸಿನ ಒಳಕ್ಕೇ ಪ್ರವೇಶಿಸಿತು. ಕೊರಗಜ್ಜ ದೈವಕ್ಕೆ ಸಲ್ಲುವ ಹರಕೆಯಲ್ಲಿ ವೀಳ್ಯ, ಚಕ್ಕುಲಿ, ಕಳ್ಳು ಮೂರೂ ಕೂಡಿರುವುವು. ಪಾನವೂ ಅದರ ಉಪದಂಶವೂ ಒಟ್ಟಾಗಿ ನೈವೇದ್ಯವಾಗಿರುವ ಇಂತಹ ನಿದರ್ಶನವು ಅಪೂರ್ವವಾದುದು.

ಮೂರ್ತೆಯನ್ನು ಮಾಡುತ್ತ ಬಂದ ಬಿಲ್ಲವರಿಗೆ ಬೈದ್ಯರೆಂದೂ ಹೆಸರುಂಟು. ಪುತ್ತೂರು ತಾಲ್ಲೂಕಿನ ಪಡುಮಲೆ, ಗೆಜ್ಜೆಗಿರಿಗಳಿಗೆ ಸಂಬಂಧಿಸಿದ ಕೋಟಿ ಚೆನ್ನಯರ ಪಾಡ್ದನದಲ್ಲಿ, ಸಾಯನ ಬೈದ್ಯನ ಆಶ್ರಯದಲ್ಲಿದ್ದ ದೇಯಿ ಬೈದ್ಯೆತಿಯು ಪೆರುಮಾಳ ಬಲ್ಲಾಳನ ಕಾಲಿನ ವ್ರಣವನ್ನು ಮದ್ದಿನಿಂದ ವಾಸಿಮಾಡಿದ ಕಥೆಯಿದೆ. ಮರವನ್ನು ಬಲ್ಲ ಮನೆತನವು ಮೂಲಿಕೆಯನ್ನೂ ಬಲ್ಲುದಾಗಿತ್ತೆಂಬುದು ಇದರಿಂದ ವ್ಯಕ್ತ. ಆದರೆ ಸರಕಾರದ ಕಡತಗಳಿಗೆ ಈ ವಿದ್ಯೆಯು ಕಾಣಿಸಲಿಲ್ಲ. 1886ರ ಮದರಾಸು ಅಬಕಾರಿ ಶಾಸನದ ಆಡಳಿತದಲ್ಲಿ ಮರವು ತೆರಿಗೆಯ ಅಂಕೆಯಾಯಿತು, ಅಂಗಡಿಯು ಹರಾಜಿನ ವಸ್ತುವಾಯಿತು. ಕೌಟಿಲ್ಯನೂ ಮದ್ಯದಿಂದ ಬೊಕ್ಕಸಕ್ಕೆ ಆದಾಯ ತೆಗೆದವನೇ. ಆದರೂ ಉತ್ಸವ, ಸಮಾಜ, ಯಾತ್ರೆಗಳಲ್ಲಿ ನಾಲ್ಕು ದಿನಗಳ ಮಟ್ಟಿಗೆ ಜನರಿಗೆ ಮದ್ಯ ಮಾಡಿಕೊಳ್ಳುವ ಅನುಮತಿಯನ್ನು ಅವನು ವಿಧಿಸಿದ್ದನು.

ವಿರೋಧವು ಹೊರಗಿನಿಂದ ಮಾತ್ರ ಬರಲಿಲ್ಲ. ಮಂಗಳೂರಿನ ಕುದ್ರೋಳಿಯಲ್ಲಿ 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳು, ಮದ್ಯವನ್ನು ಮಾಡಲೂ ಬಾರದು, ಮಾರಲೂ ಬಾರದು, ಕುಡಿಯಲೂ ಬಾರದೆಂದು ಉಪದೇಶಿಸಿದರು. ಕುಡಿತದಿಂದ ಕೆಟ್ಟ ಸಂಸಾರಗಳನ್ನು ಕಂಡವರಿಗೆ ಆ ಮಾತಿನ ಸತ್ಯವು ತಿಳಿಯದಿರದು. ಆದರೆ ಮೂರ್ತೆಯಿಂದಲೇ ಒಲೆ ಹೊತ್ತುತ್ತಿದ್ದ ಮನೆಗಳಿಗೆ ಆ ಉಪದೇಶವು ಎಷ್ಟು ದುಸ್ತರವಾಗಿದ್ದಿರಬೇಕು! 1948ರಲ್ಲಿ ಮದರಾಸು ಪ್ರಾಂತವಿಡೀ ಪಾನನಿಷೇಧವಾದಾಗ ಆಯ್ಕೆಯೇ ಇಲ್ಲದೆ ಹೋಯಿತು. ಏಣಿಯನ್ನೂ ಕತ್ತಿಯನ್ನೂ ಕೆಳಗಿಟ್ಟವರು ಕೂಲಿಯನ್ನು ಅರಸಬೇಕಾಯಿತು. 1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿ, 1960ರ ದಶಕದ ಕೊನೆಯಲ್ಲಿ ನಿಷೇಧವು ಸಡಿಲವಾದ ಮೇಲೆ ಗಡಂಗುಗಳು ಮತ್ತೆ ತೆರೆದುವು. ಮುಂದೆ ರಾಜ್ಯದ ಬಹುಭಾಗದಲ್ಲಿ ಕಳ್ಳಿಳಿಸುವುದು ನಿಂತರೂ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಅವಕಾಶ ಉಳಿಯಿತು. ಮೂರ್ತೆದಾರರ ಸಹಕಾರ ಸಂಘಗಳೂ ನಡೆದುಬಂದುವು.

ಶಾಸನವು ಅನುಮತಿಯನ್ನು ಹಿಂದಕ್ಕೆ ಕೊಡಬಲ್ಲುದು. ಕೈಯ ಹದವನ್ನು ಕೊಡಲಾರದು. ಎತ್ತರದ ಬೈನೆಯನ್ನು ಏರಿ ಹೊಂಬಾಳೆಯ ನಾಡಿ ನೋಡುವ ವಿದ್ಯೆಯು ತಂದೆಯಿಂದ ಮಗನಿಗೆ ಬರುವಂತಹುದು. ಒಂದು ತಲೆಮಾರು ಕಳಚಿದರೆ ಕೊಂಡಿಯೇ ಹೋಗುವುದು. ಸನ್ನಾದ ಹಿಟ್ಟಿಗೆ ಈಗ ಪೇಟೆಯ ಯೀಸ್ಟು ಬಂದಿದೆ. ಹಿಟ್ಟು ಉಬ್ಬುವುದಾದರೂ ಕಳ್ಳಿನ ಪರಿಮಳವಿಲ್ಲ. ಪಾನವನ್ನು ಹೊಗಳುವುದು ಈ ವಿಚಾರದ ಉದ್ದೇಶವಲ್ಲ. ಕಾಪಿಶಿಯು ಹಾಳುದಿಬ್ಬವಾದರೂ ಅಲ್ಲಿಯ ಮಧುವಿನ ಹೆಸರು ಒಂದು ಸೂತ್ರದಿಂದ ಉಳಿದುಬಂದಿದೆ. ಈ ಸೀಮೆಯ ಬೈನೆಗೆ ಅಂತಹ ಸೂತ್ರಕಾರನಿಲ್ಲ. ಏರಬಲ್ಲವರು ಇನ್ನೂ ಇರುವಾಗಲೇ ಅವರಿಂದ ಕೇಳಿ, ಮರದ ಹೆಸರು, ಹದದ ಹೆಸರು, ತಿನಿಸಿನ ಹೆಸರುಗಳನ್ನು ಬರೆದಿಡುವುದು ಜಿಲ್ಲೆಯ ಚರಿತ್ರೆಯನ್ನು ಬರೆಯುವವರ ಕರ್ತವ್ಯವಾಗಿದೆ.