ಐವತ್ತು ರೀಲು ಟೇಪು

ಟೇಪ್ ರೆಕಾರ್ಡರ್‌ನ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರದ ಇತಿಹಾಸವಾಗಿ ಹೇಳುತ್ತಾರೆ. ನನಗೆ ಅದಕ್ಕಿಂತ ಕುತೂಹಲ ಖಾಲಿ ಟೇಪಿನದು. ಯಂತ್ರ ಕೆಟ್ಟರೆ ಬಲ್ಲವರು ಬಿಚ್ಚಿ ಸರಿಮಾಡಿಯಾರು. ಟೇಪು ಮುಗಿದರೆ ಯಾರೂ ಮನೆಯಲ್ಲಿ ಕೂತು ಮಾಡಿಕೊಳ್ಳಲಾರರು.

ನೋಡಲು ಅದು ಸುಲಭದ ವಸ್ತು: ಪ್ಲಾಸ್ಟಿಕ್ ಪಟ್ಟಿಗೆ ಅಂಟಿನಲ್ಲಿ ಕಲಸಿದ ಕಬ್ಬಿಣದ ಆಕ್ಸೈಡಿನ ಲೇಪ. ಒರಟಾಗಿ ಹೇಳಿದರೆ ತುಕ್ಕು ಬಳಿದ ರಿಬ್ಬನ್ನು. ಜರ್ಮನಿಯ ಫ್ರಿಟ್ಜ್ ಫ್ಲಾಯ್ಮರ್ 1928ರಲ್ಲಿ ಇದನ್ನು ಕಾಗದದ ಮೇಲೆ ಮಾಡಿ ತೋರಿಸಿದ. ಸಿಗರೇಟಿನ ತುದಿಗೆ ಚಿನ್ನದ ಬಣ್ಣದ ಪಟ್ಟಿ ಬಳಿಯುವ ಕೆಲಸದಿಂದ ಅವನಿಗೆ ಇದು ಹೊಳೆದಿತ್ತು. ಆದರೆ ನೂರಾರು ಮೀಟರ್ ಉದ್ದಕ್ಕೂ ಕೂದಲಿಗಿಂತ ತೆಳುವಾದ ಲೇಪ ಒಂದೇ ಸಮನಾಗಿ ಕೂರಬೇಕು. ಎಲ್ಲೋ ಒಂದು ಕಡೆ ಚೂರು ಕಿತ್ತರೂ ಅಲ್ಲಿ ಸದ್ದು ಕುಸಿಯುತ್ತದೆ. ಇದು ರಾಸಾಯನಿಕ ಕಾರ್ಖಾನೆಯ ಕೆಲಸ. ಜರ್ಮನಿಯಲ್ಲಿ ಯಂತ್ರ ಮಾಡಿದ್ದು ಎಇಜಿ, ಟೇಪು ಮಾಡಿದ್ದು ಬಿಎಎಸ್‌ಎಫ್. 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ಮ್ಯಾಗ್ನೆಟೋಫೋನ್ ಎಂಬ ಹೆಸರಿನಲ್ಲಿ ಅದು ಜನರ ಕಣ್ಣಿಗೆ ಬಿತ್ತು.

ಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದ ಎಂಜಿನಿಯರ್ ಜ್ಯಾಕ್ ಮುಲಿನ್ ಬಾಡ್ ನೌಹೈಮ್ ಎಂಬ ಊರಿನ ರೇಡಿಯೋ ಕೇಂದ್ರದಲ್ಲಿ ಈ ಯಂತ್ರದ ಸುಧಾರಿತ ರೂಪ ಕೇಳಿ ದಂಗಾದ. ಗ್ರಾಮಫೋನಿನ ಕರಕರ ಇಲ್ಲವೇ ಇಲ್ಲ. ಎರಡು ಯಂತ್ರಗಳನ್ನು ಬಿಡಿಬಿಡಿ ಮಾಡಿ ಅಂಚೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿದ. ಜೊತೆಗೆ ಐವತ್ತು ರೀಲು ಟೇಪು.

1947ರಲ್ಲಿ ಗಾಯಕ ಬಿಂಗ್ ಕ್ರಾಸ್ಬಿ ಅವನನ್ನು ಕರೆಸಿಕೊಂಡ. ವಾರವಾರವೂ ನೇರ ಪ್ರಸಾರಕ್ಕೆ ನಿಂತು ಕ್ರಾಸ್ಬಿಗೆ ಸಾಕಾಗಿತ್ತು. ಆ ವರ್ಷದ ಅಕ್ಟೋಬರ್ 1ರಂದು ಟೇಪಿನಲ್ಲಿ ಮುದ್ರಿಸಿದ ಅವನ ಕಾರ್ಯಕ್ರಮ ಅಮೆರಿಕದ ಮನೆಮನೆಗೆ ಹೋಯಿತು. ಯಂತ್ರಗಳನ್ನು ಮುಲಿನ್ ತಿದ್ದಿ ನಿಲ್ಲಿಸಿದ್ದ. ಟೇಪಿಗೆ ಮಾತ್ರ ಬೇರೆ ದಾರಿ ಇರಲಿಲ್ಲ. ಒಂದು ರೀಲು ಓಡುತ್ತಿದ್ದದ್ದು ಸುಮಾರು 22 ನಿಮಿಷ. ಕತ್ತರಿಸಿದ ತುಂಡನ್ನು ಎಸೆಯುವ ಹಾಗಿಲ್ಲ, ಅಂಟಿಸಿ ಅಳಿಸಿ ಮತ್ತೆ ಬಳಸಬೇಕು. ಒಮ್ಮೆ ಹಾಸ್ಯಗಾರನೊಬ್ಬನ ಪೋಲಿ ಜೋಕುಗಳನ್ನು ಕತ್ತರಿಸಿ ತೆಗೆದು, ಜನರ ನಗುವಿನ ತುಂಡನ್ನು ಮಾತ್ರ ಎತ್ತಿಟ್ಟುಕೊಂಡು, ಮುಂದೆ ನಗು ಬಾರದ ಇನ್ನೊಂದು ಜೋಕಿಗೆ ಅಂಟಿಸಿದರಂತೆ. ಟಿವಿ ಧಾರಾವಾಹಿಗಳ ಸಿದ್ಧ ನಗುವಿನ ಮೂಲಪುರುಷ ಅದೇ. 3ಎಂ ಕಂಪನಿಯ ಸ್ಕಾಚ್ 111 ಟೇಪು ಬಂದ ಮೇಲೆಯೇ ಈ ಬರ ನೀಗಿದ್ದು.

ಜರ್ಮನಿಯಿಂದ ಟೇಪಿನ ವಿದ್ಯೆ ಹೊತ್ತು ತಂದ ಇನ್ನೊಬ್ಬ ಜಾನ್ ಹರ್ಬರ್ಟ್ ಆರ್. ಅವನು ಅಲಬಾಮಾದ ಓಪೆಲೈಕಾ ಎಂಬ ಸಣ್ಣ ಊರಿನಲ್ಲಿ ಕಾರ್ಖಾನೆ ಹಾಕಿ ಐರಿಶ್ ಎಂಬ ಹೆಸರಿನ ಟೇಪು ಮಾರಿದ. 1959ರಲ್ಲಿ ಅದು ಆಂಪೆಕ್ಸ್ ಕೈಗೆ ಹೋಯಿತು, ಕಡೆಗೆ ಕ್ವಾಂಟೆಜಿ ಎಂಬ ಹೆಸರು ಪಡೆಯಿತು. 2005ರ ಜನವರಿಯಲ್ಲಿ ಆ ಕಾರ್ಖಾನೆಗೆ ಬೀಗ ಬಿದ್ದಾಗ ಅಮೆರಿಕದಲ್ಲಿ ರೀಲು ಟೇಪು ಮಾಡುವವರು ಬೇರೆ ಯಾರೂ ಉಳಿದಿರಲಿಲ್ಲ. ಸ್ಟುಡಿಯೋಗಳು ಅಂಗಡಿಯಲ್ಲಿದ್ದ ದಾಸ್ತಾನನ್ನೆಲ್ಲ ಬಾಚಿಕೊಂಡವು. ಆ ಕಾರ್ಖಾನೆ ಮತ್ತೆ ಕೆಲಕಾಲ ತೆರೆಯಿತಾದರೂ ನಂಬಿಕೆ ಹೋಗಿತ್ತು. ಮನೆಯಲ್ಲಿ ಒಂದು ಯಂತ್ರ ಇಟ್ಟುಕೊಂಡವರ ಪಾಡನ್ನು ಕೇಳುವವರಿರಲಿಲ್ಲ.

ಹಳೆಯ ದಾಸ್ತಾನು ಹುಡುಕಿದರಾಯಿತಲ್ಲ ಎನ್ನಬಹುದು. ಅಲ್ಲೊಂದು ವಿಚಿತ್ರವಿದೆ. ಎಪ್ಪತ್ತು ಎಂಬತ್ತರ ದಶಕದ ಆಂಪೆಕ್ಸ್ 406, 456ರಂಥ ಉತ್ತಮ ದರ್ಜೆಯ ಟೇಪುಗಳೇ ಹಾಳಾದವು. ಲೇಪದ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಟೇಪು ಕಿರುಗುಟ್ಟುತ್ತಾ ಓಡಿ ಹೆಡ್ಡಿನ ಮೇಲೆ ಕಂದು ಕೊಳೆ ಬಿಡುತ್ತದೆ. ಸೀಲು ಒಡೆಯದ ಡಬ್ಬಿಯೂ ಇದಕ್ಕೆ ಹೊರತಲ್ಲ. ಸುಮಾರು 54 ಡಿಗ್ರಿ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಿದರೆ ಕೆಲವು ವಾರ ಕೇಳಲು ಬರುತ್ತದೆ, ಅಷ್ಟರಲ್ಲಿ ನಕಲು ಮಾಡಿಕೊಳ್ಳಬೇಕು. ಐವತ್ತರ ದಶಕದ ಅಸಿಟೇಟ್ ಟೇಪಿಗೆ ಈ ಜಿಗುಟಿನ ರೋಗವಿಲ್ಲ, ಆದರೆ ಒಣಗಿ ಪಟಕ್ಕನೆ ತುಂಡಾಗುತ್ತದೆ. ಮುಂಬೈಯ ಮಳೆಗಾಲದಲ್ಲಿ ಎರಡಕ್ಕೂ ಬೂಸ್ಟು ಹಿಡಿಯುವುದು ಬೇರೆ.

ಮುಂಬೈ, ಪುಣೆಯ ಹೆಸರು ಸುಮ್ಮನೆ ಬರಲಿಲ್ಲ. ಧಾರವಾಡ, ಗದಗ ಕಡೆಯ ಗಾಯಕರು ಆ ಊರುಗಳ ಮನೆಗಳಲ್ಲಿ ಹಾಡಿದ್ದನ್ನು ರಸಿಕರು ಸ್ಪೂಲಿನಲ್ಲಿ ಹಿಡಿದಿಟ್ಟರು. ನಮ್ಮಲ್ಲಿ ರೀಲಿಗಿಂತ ಸ್ಪೂಲು ಎಂದೇ ರೂಢಿ. ಆಮದಿಗೆ ಬಿಗಿ ಇದ್ದ ಆ ದಿನಗಳಲ್ಲಿ ಹಲವರಿಗೆ ವಿದೇಶದಿಂದ ಬರುವ ನೆಂಟರ ಪೆಟ್ಟಿಗೆಯೇ ಖಾಲಿ ಸ್ಪೂಲಿನ ಅಂಗಡಿ. 7 ಇಂಚಿನ ಸ್ಪೂಲಿನಲ್ಲಿ 1200 ಅಡಿ ಟೇಪು. ಸೆಕೆಂಡಿಗೆ ಏಳೂವರೆ ಇಂಚಿನ ಒಳ್ಳೆಯ ವೇಗದಲ್ಲಿ 32 ನಿಮಿಷಕ್ಕೆ ಒಂದು ಬದಿ ಮುಗಿಯುತ್ತದೆ, ಬಡಾ ಖಯಾಲು ಮುಗಿಯುವುದಿಲ್ಲ. ಹಾಗಾಗಿ ವೇಗ ಅರ್ಧ ಮಾಡಿ 64 ನಿಮಿಷ ಹಿಡಿದರು, ಅದಕ್ಕೂ ಇಳಿಸಿದವರಿದ್ದಾರೆ. ಅಂಥ ಮುದ್ರಣಗಳ ಮಂದ ತಂಬೂರಿಗೂ ನಡುವಿನಲ್ಲೇ ಕಡಿದುಹೋದ ತಾನಿಗೂ ಎಷ್ಟೋ ಸಲ ಕಾರಣ ಯಂತ್ರವಲ್ಲ, ಟೇಪಿನ ಬಡತನ.

ಈಗ ಹೊಸ ಟೇಪು ಮತ್ತೆ ಸಿಗುತ್ತದೆ. ಫ್ರಾನ್ಸಿನ ಅವ್ರಾಂಶ್‌ನಲ್ಲಿ ಬಿಎಎಸ್‌ಎಫ್ ವಂಶದ ಸೂತ್ರಗಳಲ್ಲೇ ಮಾಡುತ್ತಾರೆ, ಪೆನ್ಸಿಲ್ವೇನಿಯಾದ ಯಾರ್ಕ್‌ನಲ್ಲಿ ಎಟಿಆರ್ ಮ್ಯಾಗ್ನೆಟಿಕ್ಸ್ ಮಾಡುತ್ತದೆ. ಆದರೆ ಸಾಗಣೆ, ಸುಂಕ ಸೇರಿ ಇಲ್ಲಿಗೆ ಮುಟ್ಟುವಾಗ ದುಬಾರಿ. ಆದ್ದರಿಂದ ಹವ್ಯಾಸಿಗಳ ಕಣ್ಣು ಗುಜರಿಯಲ್ಲಿ ಬಿದ್ದ ಹಳೆಯ ಸ್ಪೂಲುಗಳ ಕಡೆ ಹೊರಳುತ್ತದೆ. ಡಬ್ಬಿಯ ಮೇಲಿನ ಪೆನ್ಸಿಲ್ ಬರಹ ಮಾಸಿರುತ್ತದೆ, ಮಾರುವವನಿಗೆ ಒಳಗೇನಿದೆ ಗೊತ್ತಿಲ್ಲ, ಕೊಳ್ಳುವವನಿಗೆ ಅದು ಖಾಲಿ ಟೇಪು. ಒಮ್ಮೆ ಪೂರ್ತಿ ಕೇಳಿ ನೋಡುವಷ್ಟು ವ್ಯವಧಾನ ಎಷ್ಟು ಜನರಿಗಿದೆಯೋ. ರೆಕಾರ್ಡರಿನಲ್ಲಿ ಮೂರು ಹೆಡ್ಡುಗಳಿದ್ದರೆ ಟೇಪು ಮೊದಲು ಹಾಯುವುದು ಅಳಿಸುವ ಹೆಡ್ಡಿನ ಮೇಲೆ, ಆಮೇಲೆ ಮುದ್ರಿಸುವುದು, ಕೊನೆಗೆ ಕೇಳಿಸುವುದು. ಗುಂಡಿ ಒತ್ತಿದವರ ಕಿವಿಗೆ ಬೀಳುವುದು ಹೊಸದು ಮಾತ್ರ.